ಹನ್ನೆರಡು ಮನೆಯ ಕೀಲಿ

ಆ ಶನಿವಾರ ನಮ್ಮ ಕಾನೂನು ಕಾಲೇಜಿನ ನೆರವು ಕೇಂದ್ರಕ್ಕೆ ಮೊದಲು ಬಂದವರು ಹುಬ್ಬಳ್ಳಿ ಅಂಚಿನ ಗಬ್ಬೂರಿನ ಕಡೆಯ ಒಬ್ಬ ಹೆಂಗಸು. ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಅವರದು. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಬಸ್ಸು ಹಿಡಿದು ಧಾರವಾಡಕ್ಕೆ ಬಂದಿದ್ದರು. ಕೂಡುವ ಮೊದಲೇ ಸೆರಗಿನ ಗಂಟು ಬಿಚ್ಚಿ ಮತದಾರರ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಇದು ಖರೇ ಐತೋ ಖೊಟ್ಟಿ ಐತೋ ನೋಡಿ ಹೇಳ್ರಿ ಮೇಡಂ."

ಅಂದು ಕೇಂದ್ರದಲ್ಲಿ ಪಾಳಿಯಿದ್ದವಳು ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ. ಚೀಟಿಯ ಸಂಖ್ಯೆಯನ್ನು ಫೋನಿನಲ್ಲಿ ಹಾಕಿ ನೋಡಿದಳು. ಚೀಟಿ ಅಸಲಿ. ಹೆಸರು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ.

"ಕಾರ್ಡಿನ್ಯಾಗ ಅದೀನಿ, ಪಟ್ಟಿಯೊಳಗ ಇಲ್ಲ," ಎಂದರು ಆ ಹೆಂಗಸು. "ಹಂಗಾರ ನಾ ಅದೀನೋ ಇಲ್ಲೋ?"

ಮಹಾನಗರ ಪಾಲಿಕೆಯ ಚುನಾವಣೆ ಹತ್ತಿರ ಬಂದಿತ್ತು. ಯಾವುದೋ ಪಕ್ಷದವರು ಓಣಿಗೆ ಬಂದು ಪಟ್ಟಿ ಓದಿದಾಗ ತಮ್ಮ ಮನೆಯ ಒಬ್ಬರ ಹೆಸರೂ ಬರಲಿಲ್ಲವೆಂದು ಅವರಿಗೆ ತಿಳಿದಿತ್ತು. ಪಟ್ಟಿಯಿಂದ ತೆಗೆದ ಹೆಸರುಗಳ ಪ್ರತ್ಯೇಕ ಹಾಳೆ ತೆರೆದು ನೋಡಿದೆವು. ಆ ಓಣಿಯಲ್ಲಿ ಹದಿಮೂರು ಮನೆ. ಹನ್ನೆರಡು ಮನೆಗಳಿಂದ ನಲವತ್ತೊಂದು ಹೆಸರು ತೆಗೆಯಲಾಗಿತ್ತು. ಕಾರಣದ ಕಾಲಮಿನಲ್ಲಿ ಎಲ್ಲರಿಗೂ ಒಂದೇ ಪದ: ಸ್ಥಳಾಂತರ. ಉಳಿದದ್ದು ಒಂದೇ ಮನೆಯ ಒಂದೇ ಹೆಸರು.

"ಅದು ನಮ್ಮ ಖಾಲಾಂದು, ಇಡೀ ಓಣಿಗೆ ಚಿಕ್ಕವ್ವ ಇದ್ದಂಗ," ಎಂದರು ರೊಟ್ಟಿಯ ಹೆಂಗಸು. "ಓಣಿ ಬಾಯಾಗ ಕಿರಾಣಿ ಅಂಗಡಿ ಇಟ್ಟಾರ."

ಅಧ್ಯಾಪಕಿಯಾಗುವ ಮೊದಲು ನಾನು ಪತ್ರಿಕೆಯೊಂದಕ್ಕೆ ಕೋರ್ಟು ವರದಿ ಮಾಡುತ್ತಿದ್ದೆ. ಕಾಗದ ಹೇಳಿದ್ದನ್ನು ಜಾಗಕ್ಕೆ ಹೋಗಿ ನೋಡುವ ಚಟ ಅಲ್ಲಿಂದ ಬಂದದ್ದು. ಸೋಮವಾರ ತರಗತಿ ಮುಗಿಸಿ ವಿದ್ಯಾರ್ಥಿನಿಯೊಂದಿಗೆ ಗಬ್ಬೂರಿಗೆ ಹೋದೆ. ಬೈಪಾಸಿನ ಲಾರಿಗಳ ಸದ್ದು ಕೇಳುವಷ್ಟು ಹತ್ತಿರದ ಓಣಿ. ಹನ್ನೊಂದು ಗಂಟೆಯಾಗಿತ್ತು. ಹನ್ನೆರಡು ಬಾಗಿಲಿಗೂ ಬೀಗ. ಹಗ್ಗದ ಮೇಲೆ ಬಟ್ಟೆಯಿಲ್ಲ, ಒಂದು ಮಗುವಿನ ದನಿಯಿಲ್ಲ. ಇಡೀ ಓಣಿ ಬಿಟ್ಟುಹೋದಂತೆಯೇ ಇತ್ತು. ಕಾಗದ ಸುಳ್ಳು ಹೇಳುತ್ತಿಲ್ಲವೇನೋ ಎಂದು ಒಂದು ಗಳಿಗೆ ನನಗೂ ಅನ್ನಿಸಿತು.

ಅಂಗಡಿಯಲ್ಲಿ ಎಪ್ಪತ್ತರ ಆಸುಪಾಸಿನ ಮುದುಕಿ ಕೂತಿದ್ದರು.

"ಈ ಮನಿಯವ್ರೆಲ್ಲ ಎಲ್ಲಿ ಹೋಗ್ಯಾರ್ರಿ?" ಎಂದು ಕೇಳಿದೆ.

"ನನಗ ಗೊತ್ತಿಲ್ಲ."

"ಸಂಜಿಕ ಬರ್ತಾರೇನ್ರಿ?"

"ಅದೂ ಗೊತ್ತಿಲ್ಲ. ಏನರ ತಗೋತೀರೇನು?"

ನಾವು ಎರಡು ಬಿಸ್ಕಿಟ್ ಪೊಟ್ಟಣ ತೆಗೆದುಕೊಂಡೆವು. ಅವರು ಪೊಟ್ಟಣಕ್ಕೆ ತಿರುಗಿದಾಗ ಹಿಂದಿನ ಗೋಡೆ ಕಾಣಿಸಿತು. ಸಾಲಾಗಿ ಹನ್ನೆರಡು ಮೊಳೆ. ಒಂದೊಂದು ಮೊಳೆಗೆ ಒಂದು ಕೀಲಿಕೈ, ಒಂದೊಂದಕ್ಕೆ ಒಂದು ಬಣ್ಣದ ಚಿಂದಿ ಕಟ್ಟಿತ್ತು.

ಸಂಜೆ ಆರಕ್ಕೆ ರೊಟ್ಟಿಯ ಹೆಂಗಸನ್ನು ಕರೆದುಕೊಂಡು ಮತ್ತೆ ಹೋದಾಗ ಅದು ಬೇರೆಯೇ ಓಣಿ. ಗ್ಯಾರೇಜಿನಿಂದ ಬಂದವರು ಕೈಯ ಗ್ರೀಸು ತಿಕ್ಕುತ್ತಿದ್ದರು, ಹತ್ತಿ ಜಿನ್ನಿನಿಂದ ಬಂದವರು ಮೈಗೆ ಅಂಟಿದ ಎಳೆ ಜಾಡಿಸುತ್ತಿದ್ದರು, ಒಲೆಗಳು ಹೊತ್ತಿದ್ದವು. ಅಂಗಡಿಯ ಗೋಡೆಯ ಮೊಳೆಗಳೆಲ್ಲ ಖಾಲಿ.

ಖಾಲಾ ನನ್ನನ್ನು ನೋಡಿ ನಕ್ಕರು. "ಬೆಳಿಗ್ಗೆ ಬಿಸ್ಕಿಟ್ ತಗೊಂಡ ವಕೀಲಬಾಯಿ ನೀನ ಏನವಾ? ಮೊದಲ ಹೇಳಬಾರ್ದ ಇವರ ಪೈಕಿ ಅಂತ?"

ನಾನು ವಕೀಲಳಲ್ಲ ಎಂದೆ. ಪೂರ್ಣಾವಧಿ ಸಂಬಳದ ಅಧ್ಯಾಪಕರು ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ, ಅದು ವಕೀಲಿ ವೃತ್ತಿಯ ನಿಯಮ. ಖಾಲಾ ಆ ವಿವರಣೆಯನ್ನು ಪೂರ್ತಿ ಕೇಳಿ, ಕೊನೆಯವರೆಗೂ ನನ್ನನ್ನು ವಕೀಲಬಾಯಿ ಎಂದೇ ಕರೆದರು.

ಓಣಿಯ ಪದ್ಧತಿ ಅಂದು ತಿಳಿಯಿತು. ಗಂಡ, ಹೆಂಡತಿ, ಬೆಳೆದ ಮಕ್ಕಳು ಬೇರೆ ಬೇರೆ ಹೊತ್ತಿಗೆ ಹೋಗಿ ಬೇರೆ ಬೇರೆ ಹೊತ್ತಿಗೆ ಬರುವ ಮನೆಗಳವು. ಕೀಲಿಕೈ ಒಂದೇ. ಕೊನೆಗೆ ಹೊರಡುವವರು ಖಾಲಾಗೆ ಕೊಡುತ್ತಾರೆ, ಮೊದಲು ಬರುವವರು ತೆಗೆದುಕೊಳ್ಳುತ್ತಾರೆ. ಒಂದು ಕರಾರು: ಯಾರು ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂಬುದನ್ನು ಖಾಲಾ ಹೊರಗಿನವರಿಗೆ ಹೇಳುವುದಿಲ್ಲ. "ಕೇಳಾಕ ಬರೋರು ಛಲೋದಕ್ಕ ಬರಾಂಗಿಲ್ಲ ಬೇಟಾ," ಎಂದರು. ಮನೆ ಬಿಡಿಸುವವರು, ಮಗಳ ನಡತೆ ವಿಚಾರಿಸುವ ಬೀಗರು, ಪೊಲೀಸರು, ಎಲ್ಲರಿಗೂ ಅವರದು ಒಂದೇ ಉತ್ತರವಾಗಿತ್ತು.

ಅದನ್ನೆಲ್ಲ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನು ಉಪಯೋಗಿಸಲಿಲ್ಲ. ಅದು ನನ್ನ ಮೊದಲ ತಪ್ಪು.

ನಮ್ಮ ಮುಂದೆ ಎರಡು ದಾರಿಗಳಿದ್ದವು. ಒಂದು, ಎಲ್ಲರೂ ಹೊಸದಾಗಿ ಹೆಸರು ಸೇರಿಸುವ ಅರ್ಜಿ ಹಾಕುವುದು. ಇದು ಸುಲಭ. ಆದರೆ ಐದಾರು ಚುನಾವಣೆಯಲ್ಲಿ ಮತ ಹಾಕಿದ, ಓಣಿಯ ಐವತ್ತು ವರ್ಷದ ವೆಲ್ಡರ್ ಕೂಡ ತಾನು ಹೊಸ ಮತದಾರ ಎಂದು ಘೋಷಿಸಿ ಸಹಿ ಮಾಡಬೇಕಿತ್ತು. ಅವರೆಲ್ಲ ಒಮ್ಮೆ ಊರು ಬಿಟ್ಟವರು ಎಂಬ ಸುಳ್ಳೂ ಕಡತದಲ್ಲಿ ಹಾಗೆಯೇ ಉಳಿಯುತ್ತಿತ್ತು. ಇನ್ನೊಂದು, ಹೆಸರು ತೆಗೆದ ಆದೇಶದ ಮೇಲೆ ಮೇಲ್ಮನವಿ. ಅದಕ್ಕೆ ಹದಿನೈದು ದಿನದ ಗಡುವು. ಗಡುವು ದಾಟಿತ್ತು. ನೋಟಿಸು ಯಾರ ಕೈಗೂ ಮುಟ್ಟಿಲ್ಲವೆಂದು ತೋರಿಸಿ ವಿಳಂಬ ಮನ್ನಾ ಕೇಳಬೇಕಿತ್ತು. ನಾನು ಮೇಲ್ಮನವಿ ಆರಿಸಿದೆ. ಓಣಿಯವರಿಗೆ ಎರಡನ್ನೂ ವಿವರಿಸಿದಾಗ ವೆಲ್ಡರ್ ಹೇಳಿದ್ದಿಷ್ಟು: "ನಾ ಇಲ್ಲೇ ಅದೀನಿ ಅಂತ ಬರೀಬೇಕು. ಹೊಸದಾಗಿ ಬಂದೇನಿ ಅಂತ ಯಾಕ ಬರೀಲಿ?"

ಆರು ವಿದ್ಯಾರ್ಥಿಗಳು ನಾಲ್ಕು ದಿನ ಕೂತು ನಲವತ್ತೊಂದು ಮೇಲ್ಮನವಿ ತಯಾರಿಸಿದರು. ಮಾದರಿ ನನ್ನದು. ಕರಡು ರಚನೆ ನಾನು ಹಲವು ವರ್ಷಗಳಿಂದ ಪಾಠ ಮಾಡುತ್ತಿರುವ ವಿಷಯ, ಆ ಮಾದರಿಯ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು. ಹೆಸರು, ವಯಸ್ಸು, ಮನೆ ಸಂಖ್ಯೆ ಬದಲಿಸಿದರೆ ಸಾಕು. ಜೊತೆಗೆ ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಮಕ್ಕಳ ಶಾಲೆಯ ದಾಖಲೆಯ ಪ್ರತಿಗಳು. ಪ್ರತಿ ಕಡತಕ್ಕೂ ದಾರ ಪೋಣಿಸಿ ಕಟ್ಟಿದೆವು. ನೋಡಲು ಅಚ್ಚುಕಟ್ಟಾಗಿತ್ತು.

ಅದೇ ವಾರ ಹತ್ತಿ ವ್ಯಾಪಾರಿಯೂ ಆದ ಪಕ್ಷವೊಂದರ ಮುಖಂಡರು ಕಾಲೇಜಿಗೆ ಬಂದರು. ಗಬ್ಬೂರಿನ ಕಡೆಯ ಆ ವಾರ್ಡು ಈ ಸಲ ಮಹಿಳೆಗೆ ಮೀಸಲಾಗಿತ್ತು.

"ನೀವು ನಿಂದರ್ರಿ ಮೇಡಂ. ಓದಿದವ್ರು, ಜಾತಿ ಜಗಳದಾಗ ಇಲ್ಲದವ್ರು. ಹಿಂದ ಪದವೀಧರ ಕ್ಷೇತ್ರಕ್ಕ ನಿಂತಾಗ ಸೋತಿರಿ, ಯಾಕಂದ್ರ ನಿಮ್ಮ ಹಿಂದ ಮಂದಿ ಇರಲಿಲ್ಲ. ಈಗ ಒಂದು ಓಣಿ ಮಂದಿ ನಿಮ್ಮ ಹಿಂದ ಬಂದೈತಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೌನ್ಸಿಲ್ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ಕೇಳಬೇಕಾದ ಪ್ರಶ್ನೆಗಳ ಒಂದು ಪಟ್ಟಿಯೂ ನನ್ನ ಬಳಿ ಇದೆ. "ವಿಚಾರ ಮಾಡ್ತೇನ್ರಿ," ಎಂದೆ. ಬೇಡ ಎನ್ನಲಿಲ್ಲ. ಅದು ಎರಡನೆಯ ತಪ್ಪು.

ಮೊದಲ ವಿಚಾರಣೆ ಬುಧವಾರ. ಖಾಲಾ ಒಬ್ಬರನ್ನು ಬಿಟ್ಟು ಓಣಿಯವರೆಲ್ಲ ಕೆಲಸ ಬಿಟ್ಟು ಬಂದು ಹುಬ್ಬಳ್ಳಿಯ ಕಚೇರಿಯ ಕಾರಿಡಾರಿನಲ್ಲಿ ಕೂತಿದ್ದರು. ಮೇಲ್ಮನವಿ ಕೇಳುವ ಅಧಿಕಾರಿ ಸಾವಧಾನದ ಮನುಷ್ಯರು. ಮೊದಲ ಕಡತ ಓದಿದರು, ಎರಡನೆಯದು ಓದಿದರು, ಹತ್ತನೆಯದು, ಇಪ್ಪತ್ತನೆಯದು ತೆಗೆದು ನೋಡಿದರು.

"'ಅರ್ಜಿದಾರರು ಸದರಿ ವಿಳಾಸದಲ್ಲಿ ನಿರಂತರವಾಗಿ ವಾಸವಾಗಿದ್ದು, ಯಾವುದೇ ರೀತಿಯ ಸ್ಥಳಾಂತರ ಹೊಂದಿರುವುದಿಲ್ಲ.' ಇದೊಂದು ವಾಕ್ಯ ನಲವತ್ತೊಂದು ಸಲ ಓದಸ್ತೀರೇನ್ರಿ ಮೇಡಂ?"

ಆಮೇಲೆ ವೆಲ್ಡರನನ್ನು ಕರೆದು, ಮೇಲ್ಮನವಿಯಲ್ಲಿ ಏನಿದೆ ಎಂದು ಕೇಳಿದರು.

"ಮೇಡಂ ಬರದಾರ್ರಿ ಸಾಹೇಬ್ರ," ಎಂದ ಆತ. "ಛಲೋನ ಬರದಿರಬೇಕು."

ಕಾರಿಡಾರಿನವರೆಗೂ ನಗು ಹೋಯಿತು. ಅಧಿಕಾರಿಯೂ ನಕ್ಕರು. ಆದರೆ ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದರು: "ನೀವು ಆ ವಾರ್ಡಿಗೆ ನಿಂದರ್ತೀರಿ ಅಂತ ಸುದ್ದಿ ಐತಲ್ಲ, ಖರೇ ಏನು?"

ಅವರು ಸಿಟ್ಟಿನಿಂದ ಕೇಳಿರಲಿಲ್ಲ. ಒಂದೇ ಅಚ್ಚಿನ ನಲವತ್ತೊಂದು ಕಡತ, ಅದರ ಹಿಂದೆ ಅಭ್ಯರ್ಥಿಯಾಗಬಹುದಾದ ಒಬ್ಬಳು. ಅವರ ಕುರ್ಚಿಯಲ್ಲಿ ನಾನಿದ್ದಿದ್ದರೂ ಅದನ್ನೇ ಕೇಳುತ್ತಿದ್ದೆ. ನೋಟಿಸು ಮುಟ್ಟದ ಕಾರಣ ವಿಳಂಬವನ್ನು ಅವರು ಮನ್ನಿಸಿದರು. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಸಂಗತಿ ಹೇಳಬೇಕು, ಹತ್ತು ದಿನ ಸಮಯ, ಅಷ್ಟರಲ್ಲಿ ಬರದಿದ್ದರೆ ಹೆಸರು ತೆಗೆದ ಆದೇಶವೇ ಖಾಯಂ ಎಂದು ಬರೆಸಿದರು. ಅದಾದ ಒಂದು ವಾರಕ್ಕೆ ಪಟ್ಟಿ ಅಂತಿಮವಾಗುತ್ತಿತ್ತು. ನಮಗೆ ಇದ್ದದ್ದು ಅದೊಂದೇ ಅವಕಾಶ.

ಧಾರವಾಡದ ಬಸ್ಸಿನಲ್ಲಿ ವಿದ್ಯಾರ್ಥಿನಿ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು: "ಮೇಡಂ, ನೀವು ಪತ್ರಿಕಾದಾಗ ಇದ್ದಾಗ ಒಂದ ಸುದ್ದಿ ನಲವತ್ತೊಂದು ಮಂದಿ ಹೆಸರ್ಲೆ ಬರೀತಿದ್ರೇನು?"

ಬಸ್ಸು ರಾಯಾಪುರ ದಾಟುವಾಗ ನಾನು ಮುಖಂಡರಿಗೆ ಫೋನು ಮಾಡಿದೆ. ಟಿಕೆಟು ಬೇಡ ಎಂದೆ.

"ನಲವತ್ತೊಂದು ಓಟು ಕೈಯಾಗ ಹಿಡಕೊಂಡು ಬ್ಯಾಡ ಅಂತೀರಲ್ಲ ಮೇಡಂ."

"ಅವು ನನ್ನ ಕೈಯಾಗ ಇಲ್ಲರಿ. ಇದಾವ ಅಂತ ಯಾರಿಗೂ ಅನಸಬಾರ್ದು, ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಆ ಮಾತನ್ನೇ ಎರಡು ಸಾಲಿನ ಪತ್ರ ಮಾಡಿ ಮರುದಿನ ಅವರಿಗೆ ಕಳಿಸಿ, ಅದರ ಒಂದು ಪ್ರತಿಯನ್ನು ಕಡತಕ್ಕೆ ಸೇರಿಸಿದೆ. ಪ್ರಶ್ನೆಗಳ ಪಟ್ಟಿ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಅದರ ಬಗ್ಗೆ ಬೇಸರವಿಲ್ಲ.

ಮುಂದಿನ ಕೆಲಸ, ಸ್ಥಳಾಂತರ ಎಂಬ ಪದ ಎಲ್ಲಿ ಹುಟ್ಟಿತು ಎಂದು ಹುಡುಕುವುದು. ಮನೆ ಮನೆ ತಿರುಗಿ ಪರಿಶೀಲಿಸಿದ ಬೂತ್ ಮಟ್ಟದ ಅಧಿಕಾರಿ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆ ಬಿಡುವ ಹೊತ್ತಿಗೆ ಹೋದೆವು.

"ಮೂರು ಸಲ ಹೋಗೇನ್ರಿ," ಎಂದರು, ನಾವು ಕೇಳುವ ಮೊದಲೇ. "ಮೂರು ಸಲಾನೂ ಬೀಗ. ಹನ್ನೊಂದಕ್ಕ ಒಂದು ತಾಸು ಬಿಡ್ತಾರ, ಅಷ್ಟರಾಗ ಓಡಿ ಹೋಗಿ ಓಡಿ ಬರಬೇಕು. ಸಂಜಿಕ ಹೋಗ್ರಿ ಅಂತೀರಿ, ನನಗೂ ಒಂದು ಮನಿ ಇಲ್ಲೇನ್ರಿ? ಇದರಿಂದ ನನ್ನ ನೌಕರಿಗೆ ಏನರ ಆಗತೈತೇನು?"

ಅವರ ಕೈಬರಹದ ರಿಜಿಸ್ಟರು ಚೊಕ್ಕವಾಗಿತ್ತು. ಹನ್ನೆರಡು ಮನೆಗಳ ಎದುರೂ ಮೂರು ದಿನಾಂಕ, ಮೂರು ಹೊತ್ತು, 'ಬೀಗ' ಎಂಬ ಪದ. ಸ್ಥಳಾಂತರ ಎಂದು ಅವರು ಎಲ್ಲೂ ಬರೆದಿರಲಿಲ್ಲ. ಕೊನೆಯ ಸಾಲು ಮಾತ್ರ ಹೀಗಿತ್ತು: 'ಪಕ್ಕದ ಅಂಗಡಿಯವರನ್ನು ವಿಚಾರಿಸಲಾಗಿ, ಮನೆಯವರು ಎಲ್ಲಿದ್ದಾರೆ, ಯಾವಾಗ ಬರುತ್ತಾರೆ ಎಂಬ ಮಾಹಿತಿ ಇಲ್ಲವೆಂದು ತಿಳಿಸಿದರು.'

ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಸೋಮವಾರದ ಬಿಸ್ಕಿಟ್ ಪೊಟ್ಟಣ ಇಬ್ಬರಿಗೂ ನೆನಪಾಗಿತ್ತು. ಅಧಿಕಾರಿಯಾಗಿ ಬಂದ ಶಿಕ್ಷಕಿಗೂ ಖಾಲಾ ನಮಗೆ ಕೊಟ್ಟ ಉತ್ತರವನ್ನೇ ಕೊಟ್ಟಿದ್ದರು.

ಹೊರಗೆ ಬಂದ ಮೇಲೆ ವಿದ್ಯಾರ್ಥಿನಿ, ಶಿಕ್ಷಕಿಯ ವರದಿ ಸುಳ್ಳು ಎಂದು ಒಂದು ಮಾತು ಬರೆದರೆ ಪ್ರಕರಣ ಒಂದೇ ದಿನದಲ್ಲಿ ಮುಗಿಯುತ್ತದೆ ಎಂದಳು. ತಾಂತ್ರಿಕವಾಗಿ ಆಕೆ ಹೇಳಿದ್ದು ಸರಿ. ಆದರೆ ವರದಿ ಸುಳ್ಳಾಗಿರಲಿಲ್ಲ. ನಾನು ಹಾಗೆ ಬರೆದರೆ, ನಲವತ್ತೊಂದು ಜನರ ಬಗ್ಗೆ ಕಾಗದ ಮಾಡಿದ್ದನ್ನೇ ಶಿಕ್ಷಕಿಯ ಬಗ್ಗೆ ನಾನು ಮಾಡಿದಂತಾಗುತ್ತಿತ್ತು. ಶಿಕ್ಷಕಿಯ ರಿಜಿಸ್ಟರನ್ನು ಸಾಕ್ಷ್ಯವಾಗಿ ತರಿಸಬೇಕೆಂದು ಅರ್ಜಿ ಕೊಟ್ಟೆವು. ಅವರ ವಿರುದ್ಧವಲ್ಲ, ಅವರನ್ನು ನಮ್ಮ ಕಡೆಯ ಸಾಕ್ಷಿಯೆಂದೇ ತೋರಿಸಿ.

ಖಾಲಾಗೆ ಹೇಳುವ ಕೆಲಸ ಉಳಿಯಿತು. ರಿಜಿಸ್ಟರಿನ ಸಾಲನ್ನು ನಾನೇ ಓದಿ ಹೇಳಿದೆ. ಅವರು ತೂಗುತ್ತಿದ್ದ ಬೆಲ್ಲವನ್ನು ತೂಗಿ, ಕಾಗದದಲ್ಲಿ ಕಟ್ಟಿ, ಗಿರಾಕಿಗೆ ಕೊಟ್ಟು ಕಳಿಸಿದರು.

"ಅಂದ್ರ ಇವರ ಓಟು ನಾನ ಕಳದೆ."

"ನೀವೊಬ್ರ ಅಲ್ಲರಿ. ನೋಟಿಸು ಕೊಡಬೇಕಾಗಿತ್ತು, ಸಂಜಿಕ ಬರಬೇಕಾಗಿತ್ತು..."

"ಸುಮ್ನ ಸಮಾಧಾನ ಮಾಡಬ್ಯಾಡ. ಮೂರು ಸಲ ಬಂದಿದ್ಲು ಆಕಿ. ಮೂರು ಸಲಾನೂ ಗೊತ್ತಿಲ್ಲ ಅಂದೆ. ಒಂದ ಸಲ ನೀರು ಸೈತ ಕೇಳಲಿಲ್ಲ ನಾ."

ಗೋಡೆಯ ಕಡೆ ನೋಡಿದರು. "ಈಗ ನಾ ಬಂದು ಹೇಳಬೇಕಲ್ಲ? ಯಾರ ಕೀಲಿ ಎಷ್ಟಕ್ಕ ಬರತೈತಿ, ಎಷ್ಟಕ್ಕ ಹೋಗತೈತಿ?"

ಹೌದು ಎಂದೆ.

"ಹಂಗ ಹೇಳಾಕ ಬರಾಂಗಿಲ್ಲ. ಮನಿ ಮನಿ ಕೇಳಬೇಕು."

ಆ ಸಂಜೆ ಅಂಗಡಿಯ ಮುಂದೆ ಓಣಿ ಕೂಡಿತು. ಖಾಲಾ ಒಂದೊಂದು ಮನೆಯನ್ನು ಕರೆದು, ನಿಮ್ಮ ಮನೆಯದು ಸಾಹೇಬರ ಮುಂದೆ ಹೇಳಲೇ ಎಂದು ಕೇಳಿದರು. ಹೇಳ್ರಿ, ಹೇಳ್ರಿ ಎಂದು ಎಲ್ಲರೂ ಒಪ್ಪುತ್ತಿದ್ದರು. ಏಳನೆಯ ಮನೆಯ ಸೊಸೆ ತಲೆ ತಗ್ಗಿಸಿದಳು. ಅವಳು ಬೀಡಿ ಕಾರ್ಖಾನೆಯಿಂದ ಎರಡಕ್ಕೇ ಬಂದು, ಕೀಲಿ ಮುಟ್ಟದೆ, ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಗಂಡನಿಗೆ ಗೊತ್ತಿರಲಿಲ್ಲ. ಈಗ ಅವಳೇ ಹೇಳಿದಳು.

"ಇಷ್ಟ ದಿನ ನನಗ ಹೇಳಲೇ ಇಲ್ಲಲ್ಲ," ಎಂದ ಗಂಡ.

"ಹೇಳಿದ್ರ ಮಿಶನ್ನು ಕೊಡಸ್ತಿದ್ದೇನು? ಈಗ ಕೊಡಸು, ಎಲ್ಲಾರ ಮುಂದ ಕೇಳಾಕತ್ತೇನಿ."

ವೆಲ್ಡರ್ ಸಿಳ್ಳೆ ಹೊಡೆದ. ಗಂಡ ಸುಮ್ಮನೆ ನಕ್ಕು ಕೂತ.

ವಿದ್ಯಾರ್ಥಿಗಳು ಐದು ದಿನ ಪಾಳಿಯ ಮೇಲೆ ಅಂಗಡಿಯಲ್ಲಿ ಕೂತರು. ಮನೆ, ಕೀಲಿಯ ಚಿಂದಿಯ ಬಣ್ಣ, ಕೊಟ್ಟ ಹೊತ್ತು, ಒಯ್ದ ಹೊತ್ತು, ಎಲ್ಲವನ್ನೂ ಸಾಲು ಸಾಲಾಗಿ ತುಂಬಿದ ತಖ್ತೆ ತಯಾರಾಯಿತು. ಒಂದು ಸಂಗತಿಗೆ ಇಬ್ಬರು ಹೇಳುವವರು ಬೇಕು ಎಂಬ ಹಳೆಯ ಸುದ್ದಿಮನೆಯ ನಿಯಮ ಹಾಕಿದೆ. ಖಾಲಾ ಹೇಳಿದ್ದನ್ನು ಗ್ಯಾರೇಜಿನ ಮಾಲೀಕರಲ್ಲಿ, ಖಾನಾವಳಿಯವರಲ್ಲಿ, ಜಿನ್ನಿನ ಆಳುಗಳ ಮುಕಾದಮನಲ್ಲಿ ತಾಳೆ ನೋಡಿದರು. ನನ್ನ ಮಾದರಿಯನ್ನು ಬದಿಗಿಟ್ಟೆವು. 'ಸದರಿ' ಎಂಬ ಪದ ಬಂದರೆ ಆ ಹಾಳೆ ವಾಪಸು ಎಂದು ಹೇಳಿದ್ದೆ. ಅವರವರು ಹೇಳಿದಂತೆಯೇ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು. ರೊಟ್ಟಿಯ ಹೆಂಗಸಿನ ಹಾಳೆಯಲ್ಲಿ ಇದ್ದದ್ದು ಇಷ್ಟು: 'ಬಂದವರು ಬಂದಾಗ ನಾನು ಹಿಟ್ಟು ನಾದುತ್ತಿದ್ದೆ. ಹನ್ನೊಂದಕ್ಕೆ ಎದ್ದು ಬಂದರೆ ಮಧ್ಯಾಹ್ನದ ಊಟಕ್ಕೆ ರೊಟ್ಟಿ ಇರುವುದಿಲ್ಲ. ನನ್ನ ಕೀಲಿಗೆ ಹಳದಿ ಚಿಂದಿ.'

ತಾಳೆ ನೋಡುವಾಗ ಇಬ್ಬರು ಬೇರೆಯಾದರು. ಒಬ್ಬಳು ಮದುವೆಯಾಗಿ ಗದಗಿನಲ್ಲಿದ್ದಳು, ಒಬ್ಬ ಅಲ್ಲೇ ಹುಬ್ಬಳ್ಳಿಯ ಇನ್ನೊಂದು ತುದಿಗೆ ಮನೆ ಮಾಡಿದ್ದ. "ಇವ್ರು ಖರೇನ ಹೋಗ್ಯಾರ," ಎಂದರು ಖಾಲಾ. ಆ ಇಬ್ಬರ ಮೇಲ್ಮನವಿಯನ್ನು ನಾವೇ ಹಿಂತೆಗೆದುಕೊಂಡೆವು. ಮೊದಲ ಸಲ ನಿರಂತರವಾಗಿ ವಾಸವಾಗಿದ್ದಾರೆ ಎಂದು ಅವರಿಗೂ ಬರೆದು ಕೊಟ್ಟಿದ್ದು ನನ್ನದೇ ಮಾದರಿ. ಅದನ್ನು ನೆನೆದರೆ ಈಗಲೂ ಮುಜುಗರವಾಗುತ್ತದೆ.

ಎರಡನೆಯ ವಿಚಾರಣೆಯಲ್ಲಿ ಅಧಿಕಾರಿ ಮೂವತ್ತೊಂಬತ್ತು ಹಾಳೆಗಳನ್ನೂ ಓದಿದರು. ಶಿಕ್ಷಕಿ ರಿಜಿಸ್ಟರು ತಂದಿದ್ದರು. ಬೀಗ ಎಂಬುದು ಸ್ಥಳಾಂತರ ಹೇಗಾಯಿತು ಎಂದು ಕೇಳಿದಾಗ, ಗಣಕಕ್ಕೆ ತುಂಬುವ ಸಿಬ್ಬಂದಿ ಮುಜುಗರದಿಂದ ಹೇಳಿದ: ತೆಗೆಯುವ ಕಾರಣದ ಕಾಲಮಿನಲ್ಲಿ ಮರಣ, ಸ್ಥಳಾಂತರ, ಎರಡು ಕಡೆ ಹೆಸರು, ಇವಷ್ಟೇ ಇದ್ದವು; ಬೀಗ ಎಂಬುದು ಇರಲಿಲ್ಲ; ಪಕ್ಕದವರಿಗೂ ಗೊತ್ತಿಲ್ಲ ಎಂದಿದ್ದರಿಂದ ಹತ್ತಿರದ್ದನ್ನು ಆರಿಸಿದೆ.

ಅಧಿಕಾರಿ ಆದೇಶ ಬರೆಸಲಿಲ್ಲ. "ಮಂಗಳವಾರ ಹನ್ನೊಂದಕ್ಕ ನಾನ ಬಂದು ನೋಡ್ತೇನಿ. ಯಾರೂ ಕೆಲಸ ಬಿಡಬ್ಯಾಡ್ರಿ. ದಿನಾ ಹೆಂಗ ಇರತೈತಿ, ಹಂಗ ಇರಲಿ," ಎಂದರು.

ಮಂಗಳವಾರ ಹನ್ನೊಂದಕ್ಕೆ ಹನ್ನೆರಡು ಬೀಗ, ಒಂದು ತೆರೆದ ಅಂಗಡಿ. ಅಧಿಕಾರಿ, ಒಬ್ಬ ಗುಮಾಸ್ತ, ಶಿಕ್ಷಕಿ, ನಾನು, ವಿದ್ಯಾರ್ಥಿನಿ. ಖಾಲಾ ಶಿಕ್ಷಕಿಗೆ ಮೊದಲು ನೀರು ಕೊಟ್ಟರು. ಅಧಿಕಾರಿ ಗೋಡೆಯ ಕೀಲಿಗಳನ್ನು ತೋರಿಸಿ ತೋರಿಸಿ ಕೇಳಿದರು. ಖಾಲಾ ನಿಧಾನವಾಗಿ ಹೇಳುತ್ತ ಹೋದರು: ಯಾರದು, ಇಂದು ಎಷ್ಟಕ್ಕೆ ಕೊಟ್ಟರು, ಯಾರು ಒಯ್ಯುತ್ತಾರೆ. ಗುಮಾಸ್ತ ನಮ್ಮ ತಖ್ತೆಯೊಂದಿಗೆ ತಾಳೆ ಹಾಕುತ್ತಿದ್ದ. ಎಲ್ಲವೂ ಕೂಡಿಬರುತ್ತಿತ್ತು.

ಆಗ ಅಧಿಕಾರಿ ಹೇಳಿದರು: "ಆ ಹಸಿರು ಚಿಂದೀದು ಕೊಡ್ರಿ. ಒಳಗ ಸಂಸಾರ ಐತೋ ಇಲ್ಲೋ ಒಂದು ಮನಿ ತೆಗದು ನೋಡೂಣು."

"ಆಗಾಂಗಿಲ್ಲ ಸಾಹೇಬ್ರ."

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ.

"ಯಾಕ್ರಿ?"

"ಮನಿಯವ್ರು ಇಲ್ಲ. ಕೀಲಿ ಇಡಾಕ ಕೊಟ್ಟಾರ, ತೆರ್ಯಾಕ ಕೊಟ್ಟಿಲ್ಲ. ಮಾತು ಹೇಳಾಕ ಅಪ್ಪಣಿ ತಗೊಂಡೇನಿ, ಬಾಗಲಾ ತೆರ್ಯಾಕ ತಗೊಂಡಿಲ್ಲ."

"ಸರ್ಕಾರದ ಕೆಲಸರಿ ಅಜ್ಜಿ ಇದು."

"ಹೌದಲ್ರಿ. ಸಂಜಿಕ ಬರ್ರಿ, ಅವರ ತೆಗದು ಚಾ ಮಾಡಿ ಕೊಡ್ತಾರ."

ಅಧಿಕಾರಿ ಆಕೆಯನ್ನೂ ಗೋಡೆಯನ್ನೂ ನೋಡಿದರು. "ಖಾಲಿ ಮನಿ ಆಗಿದ್ರ ಕೊಡ್ತಿದ್ರೇನು?"

"ಖಾಲಿ ಮನಿದು ನನ್ನ ಕಡೆ ಯಾಕ ಇರ್ತೈತ್ರಿ ಕೀಲಿ? ಗದಗಕ್ಕ ಹೋದಾಕಿ ತನ್ನ ಪೆಟಗಿ ಕೀಲಿ ಸೈತ ತಗೊಂಡು ಹೋಗ್ಯಾಳ."

ಅವರು ಗುಮಾಸ್ತನಿಗೆ ಏನೋ ಬರೆಸಿ ಜೀಪು ಹತ್ತಿದರು. ಸಂಜೆಗೆ ಬರಲಿಲ್ಲ. ಎರಡು ದಿನ ನಾನು ತರಗತಿಯಲ್ಲಿ ಹೇಳಿದ್ದನ್ನೇ ಹೇಳಿದೆನೆಂದು ವಿದ್ಯಾರ್ಥಿಗಳು ಆಮೇಲೆ ಹೇಳಿದರು. ಗುರುವಾರ ಆದೇಶ ಕೈಗೆ ಬಂತು. ಮೂವತ್ತೊಂಬತ್ತು ಹೆಸರುಗಳನ್ನು ಮರಳಿ ಸೇರಿಸತಕ್ಕದ್ದು. ಕಾರಣಗಳಲ್ಲಿ ರಿಜಿಸ್ಟರು, ತಖ್ತೆ, ಮಾಲೀಕರ ಹೇಳಿಕೆ ಎಲ್ಲ ಇದ್ದವು. ಕೊನೆಯ ಕಂಡಿಕೆ ಬೇರೆಯಾಗಿತ್ತು: ಮನೆಯವರ ಗೈರುಹಾಜರಿಯಲ್ಲಿ ಬಾಗಿಲು ತೆರೆಯಲು ಕೀಲಿ ಇಟ್ಟುಕೊಂಡವರು ನಿರಾಕರಿಸಿದ್ದಾರೆ, ಬಿಟ್ಟುಹೋದ ಮನೆಗಳನ್ನು ಯಾರೂ ಹೀಗೆ ಕಾಯುವುದಿಲ್ಲ, ಆದ್ದರಿಂದ ಈ ಮನೆಗಳು ವಾಸದಲ್ಲಿವೆ. ಶಿಕ್ಷಕಿಯ ದಾಖಲೆ ಸರಿಯಾಗಿತ್ತೆಂದು ಪ್ರತ್ಯೇಕ ಸಾಲು ಇತ್ತು. ಈಗ ಅಂತಿಮ ವರ್ಷದವರಿಗೆ ಸಾಕ್ಷ್ಯ ಪಾಠ ಮಾಡುವಾಗ ಆ ಕಂಡಿಕೆಯನ್ನು ಓದಿಸುತ್ತೇನೆ. ನನ್ನ ಮಾದರಿಯ ವಾಕ್ಯವನ್ನೂ ಅದರ ಪಕ್ಕದಲ್ಲಿಟ್ಟು ಓದಿಸುತ್ತೇನೆ.

ಮತದಾನದ ದಿನ ಬೆಳಿಗ್ಗೆ ಧಾರವಾಡದಲ್ಲಿ ನನ್ನ ಮತ ಹಾಕಿ ಗಬ್ಬೂರಿಗೆ ಹೋದೆ. ಓಣಿಯವರೆಲ್ಲ ಒಟ್ಟಿಗೆ ಹೊರಟಿದ್ದರು. ಇಸ್ತ್ರಿ ಮಾಡಿದ ಅಂಗಿ, ಮಡಿಕೆ ಮುರಿಯದ ಸೀರೆ. ಹೋಗುತ್ತ ಒಬ್ಬೊಬ್ಬರೇ ಖಾಲಾಗೆ ಕೀಲಿ ಕೊಟ್ಟರು. ಹನ್ನೆರಡೂ ಮೊಳೆ ತುಂಬಿದವು. ಖಾಲಾ ಮಾತ್ರ ಹೊಸ ಬುರ್ಖಾ ಹಾಕಿಕೊಂಡು ಕೂತೇ ಇದ್ದರು.

"ನೀವು ಹೋಗಾಂಗಿಲ್ಲೇನ್ರಿ?"

"ಕೀಲಿ ಬಿಟ್ಟು ಹೆಂಗ ಹೋಗ್ಲಿ? ಇವ್ರು ಬಂದ ಮ್ಯಾಲ ಹೋಗ್ತೇನಿ."

ನಾನು ಕೂಡುತ್ತೇನೆ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಅಧಿಕಾರಿಯ ಮುಂದೆ ನಾನು ಅಷ್ಟು ಪರೀಕ್ಷೆಗೆ ಒಳಗಾಗಿರಲಿಲ್ಲ. ಕೊನೆಗೆ ಸ್ಟೂಲು ಬಿಟ್ಟು ಎದ್ದರು. "ಬಿಸ್ಕಿಟ್ ಕೊಟ್ಟಿ ಅಂದ್ರ ಚೀಟಿಯೊಳಗ ಬರದಿಡು. ಕೀಲಿ ಮುಟ್ಟಬ್ಯಾಡ," ಎಂದು ಹೇಳಿ ಹೋದರು.

ಸ್ವಲ್ಪ ಹೊತ್ತಿಗೆ ಮುಖಂಡರು ಕೈಯಲ್ಲಿ ಪಟ್ಟಿ ಹಿಡಿದು ಬಂದರು. ಅವರ ಪಕ್ಷ ಬೇರೊಬ್ಬ ಮಹಿಳೆಗೆ ಟಿಕೆಟು ಕೊಟ್ಟಿತ್ತು. ಅಂಗಡಿಯಲ್ಲಿ ನನ್ನನ್ನು ಕಂಡು ಆಶ್ಚರ್ಯಪಟ್ಟರು.

"ಕೌನ್ಸಿಲ್‌ದಾಗ ಕುಂದರ್ರಿ ಅಂದ್ರ ಕಿರಾಣಿ ಅಂಗಡ್ಯಾಗ ಕುಂತೀರಲ್ಲ ಮೇಡಂ." ಆಮೇಲೆ ಬೀಗಗಳ ಕಡೆ ನೋಡಿದರು. "ಈ ನಾಕನೇ ಮನಿಯವ್ರು ಎಲ್ಲಿ ಹೋಗ್ಯಾರ? ಓಟು ಹಾಕಿದ್ರೇನು? ಯಾವಾಗ ಬರ್ತಾರ?"

ನನ್ನ ಬೆನ್ನ ಹಿಂದೆ ಹನ್ನೆರಡು ಕೀಲಿಗಳು ತೂಗುತ್ತಿದ್ದವು.

"ನನಗ ಗೊತ್ತಿಲ್ಲರಿ," ಎಂದೆ. "ಏನರ ತಗೋತೀರೇನು?"

ಅವರು ಒಂದು ಬಿಸ್ಕಿಟ್ ಪೊಟ್ಟಣ ತೆಗೆದುಕೊಂಡು ಹೋದರು. ಚೀಟಿಯಲ್ಲಿ ಬರೆದಿಟ್ಟೆ.

ಖಾಲಾ ಬಂದಾಗ ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ಅದು ಯಾವುದಕ್ಕೂ ತಾಗದಂತೆ ಕೈ ಎತ್ತಿ ಹಿಡಿದುಕೊಂಡೇ ಗೋಡೆಯ ಹತ್ತಿರ ಹೋಗಿ ಇನ್ನೊಂದು ಕೈಯಿಂದ ಕೀಲಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

"ಯಾರರ ಬಂದಿದ್ರೇನು?"

"ಬಂದಿದ್ರು. ನಾಕನೇ ಮನಿಯವ್ರು ಎಲ್ಲಿ ಅಂತ ಕೇಳಿದ್ರು."

"ಏನಂದಿ?"

"ಗೊತ್ತಿಲ್ಲ ಅಂದೆ."

ಖಾಲಾ ಹನ್ನೆರಡನೆಯ ಕೀಲಿಯನ್ನೂ ಮುಟ್ಟಿ, ಸ್ಟೂಲಿನ ಮೇಲೆ ಕೂತು, ಬೆರಳಿನ ಶಾಯಿಯನ್ನು ಒಮ್ಮೆ ಊದಿದರು.

"ಛಲೋ ಆತು," ಎಂದರು. "ಮುಂದಿನ ಸಲಾನೂ ನೀನ ಬಂದು ಕುಂದ್ರು."